ದೇವರ ಪಿಕ್ಚರ್

ಸೊಸೆ ರಮ್ಯಾ ಬಟ್ಟೆಯ ಬ್ಯಾಗು ಹಿಡಿದು ಹೊಸ್ತಿಲಿಗೆ ಬರುವುದಕ್ಕೂ, ಬೋರಮ್ಮ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಅಂಗಳಕ್ಕೆ ಕಾಲಿಡುವುದಕ್ಕೂ ಸರಿಹೋಯಿತು. ಹೊರೆಯನ್ನು ಅಲ್ಲೇ ಎತ್ತಿಹಾಕಿ ಬೋರಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗೆ ಕಣಮ್ಮಿ ಸವಾರಿ?”

“ತಿಪ್ಪಸಂದ್ರಕ್ಕೆ, ಅತ್ತೆ. ನಮ್ಮವ್ವನ ಮನೆಗೆ. ಇನ್ನು ಬರಾಕಿಲ್ಲ.”

ಬೋರಮ್ಮನಿಗೆ ರೇಗಿತು. “ಮದುವೆಯಾಗಿ ಒಂಬತ್ತು ತಿಂಗಳಾಗಿಲ್ಲ, ಏನ್ ಬಂದೈತೆ ನಿಂಗೆ? ನನ್ನ ಮಗ ಕುಡಿಯಾಕಿಲ್ಲ, ಇಸ್ಪೀಟು ಮುಟ್ಟಾಕಿಲ್ಲ. ಶನಿವಾರ ಬಂತು ಅಂದ್ರೆ ದೇವರ ಪಿಕ್ಚರ್ ನೋಡಾಕೆ ಹೋಗೋನು. ಅಂಥ ಗಂಡನ್ನ ಬುಟ್ಟು ಹೋದ್ರೆ ಊರೋರು ಏನಂದಾರು?”

ಆ ಪಿಕ್ಚರ್ ಬೋರಮ್ಮನ ಹೆಮ್ಮೆ. ಮಗ ಬಾಲರಾಜು ಹಾರೋಹಳ್ಳಿ ಕಡೆ ಹೊಸದಾಗಿ ಎದ್ದ ಫ್ಯಾಕ್ಟರಿಯೊಂದಕ್ಕೆ ಸೇರಿದ ಮೇಲೆ ಶನಿವಾರ ಅವನಿಗೆ ಅರ್ಧ ದಿನ ರಜೆ. ಅವನ ಜೊತೆಗಾರರು ಮನೆ ಮುಂದೆ ನಿಂತು, “ಬಾರ್ಲಾ, ಲೋಕೇಶನ ಅಂಗಡೀಲಿ ದೇವರ ಪಿಕ್ಚರ್ ಹಾಕವ್ರೆ” ಎಂದು ಕೂಗಿದ್ದನ್ನು ಆಕೆ ಕಿವಿಯಾರೆ ಕೇಳಿದ್ದಳು. ಲೋಕೇಶನದು ಸಾತನೂರು ಸರ್ಕಲ್ಲಿನ ಸೀಡಿ ಅಂಗಡಿ. ಹಿಂದೊಂದು ರೂಮು, ಅದರಲ್ಲೊಂದು ದೊಡ್ಡ ಟೀವಿ. ಅಂದಿನಿಂದ ಮನೆಯಲ್ಲಿ ಶನಿವಾರ ಬಾಡೂಟ ಬಂದ್. ಮಗನ ತಲೆಗೆ ತಾನೇ ನೀರು ಹುಯ್ದು, ಕೆಂಗಲ್ ಹನುಮಂತರಾಯನ ಕುಂಕುಮ ಹಣೆಗಿಟ್ಟು ಕಳಿಸುತ್ತಿದ್ದಳು; ಈ ಶನಿವಾರವೂ ಹಾಗೆಯೇ ಕಳಿಸಿ ತೋಟಕ್ಕೆ ಹೋಗಿದ್ದಳು. ಒಂದು ಸಲ, ಟೀವಿ ಮುಂದೆ ಹಚ್ಚಿಬುಡು ಎಂದು ಜೇಬಿಗೆ ಎರಡು ಊದುಬತ್ತಿಯನ್ನೂ ತುರುಕಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣಕ್ಕೆ ಕುಂಕುಮ ಇಟ್ಟು ಕಳಿಸಿದವಳು ಬೋರಮ್ಮ ಒಬ್ಬಳೇ ಇರಬೇಕು.

ರಮ್ಯಾ ನಕ್ಕುಬಿಟ್ಟಳು. ಈ ಮನೆಯಲ್ಲಿ ಆಕೆ ನಕ್ಕು ಎಷ್ಟೋ ತಿಂಗಳಾಗಿತ್ತು. ನಗುತ್ತಿದ್ದ ಹಾಗೆಯೇ ಅಳು ಉಕ್ಕಿ ಬಂತು.

“ಅದು ಆ ದೇವರಲ್ಲ, ಅತ್ತೆ. ಮೈಮೇಲೆ ಬಟ್ಟೆ ಇಲ್ದಿರೋ ಗಂಡ್ಸು ಹೆಂಗಸ್ರ ಪಿಕ್ಚರು. ಮನೇಲಿ ದೊಡ್ಡೋರ ಮುಂದೆ ಹೇಳಾಕೆ ಆಗ್ಲಿ ಅಂತ ಈ ಗಂಡಸ್ರು ಅದಕ್ಕೆ ಆ ಹೆಸರು ಮಡಗವ್ರೆ.”

ಮಾತು ಒಳಗಿಳಿಯಲು ಬೋರಮ್ಮನಿಗೆ ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ರಮ್ಯಾ ಸೆರಗು ಸರಿಸಿ ತೋಳು ತೋರಿಸಿದಳು. ಐದು ಬೆರಳು ಒತ್ತಿದ ನೀಲಿ ಗುರುತು. ಅದರ ಪಕ್ಕ ಮಾಸುತ್ತಿರುವ ಇನ್ನೊಂದು.

“ನಿಮ್ಮ ಮಗ ಅಲ್ಲಿ ಏನ್ ನೋಡ್ಕಂಡು ಬತ್ತಾರೋ ಅದನ್ನೆಲ್ಲ ನನ್ನ ಕೈಲಿ ಮಾಡಿಸ್ಬೇಕು. ಒಲ್ಲೆ ಅಂದ್ರೆ ಹಿಂಗೆ. ಅತ್ತರೆ, ‘ಆ ಪಿಕ್ಚರಿನವಳು ನಗ್ತಾಳಲ್ಲ, ನಿಂಗೇನು ರೋಗ’ ಅಂತಾರೆ.”

ಆ ಗುರುತನ್ನು ಬೋರಮ್ಮ ಮೊದಲೇ ಕಂಡಿದ್ದಳು. ಸೊಪ್ಪು ಕುಯ್ಯುವಾಗ ಕಡ್ಡಿ ತಗುಲಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು. ಮೊನ್ನೆ ಮೊನ್ನೆ ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗಿದ್ದ ಸೊಸೆಯನ್ನು ಕೈಹಿಡಿದು ಎಬ್ಬಿಸಿ, ಗಂಡ ಅಂದಮೇಲೆ ಹೊಂದಿಕೊಂಡು ಹೋಗಬೇಕು ಎಂದು ಬುದ್ಧಿ ಹೇಳಿ ಕೋಣೆಗೆ ಕಳಿಸಿದವಳೂ ಅವಳೇ. ಅದು ನೆನಪಾಗಿ ಆಕೆಗೆ ತನ್ನ ಮೇಲೆಯೇ ಅಸಹ್ಯವಾಯಿತು. ಸೊಸೆಯ ಕೈಯಿಂದ ಬ್ಯಾಗು ತೆಗೆದುಕೊಂಡಳು; ಒಳಗಿಡಲಿಲ್ಲ, ತನ್ನ ಹೆಗಲಿಗೇ ಹಾಕಿಕೊಂಡಳು.

“ಕನಕಪುರದ ಮ್ಯಾಲೆ ಹೋಗೋ ಬಸ್ಸು ಮೂರು ಗಂಟೆಗೈತೆ. ನಾನೇ ಹತ್ತಿಸ್ತೀನಿ, ನಡಿ. ಅದಕ್ಕೆ ಮುಂಚೆ ಒಸಿ ಕೆಲಸ ಐತೆ.”

ರಮ್ಯಾಳನ್ನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಬೋರಮ್ಮ ನೆಟ್ಟಗೆ ಸೀಡಿ ಅಂಗಡಿಗೆ ಹೋದಳು. ಆಕೆ ಹಿಂದಿನ ರೂಮಿನ ಕಡೆ ತಿರುಗಿದ್ದು ಕಂಡು ಲೋಕೇಶ ಗಾಬರಿಯಿಂದ ಎದ್ದ.

“ಅಮ್ಮೋ, ಆ ಕಡೆ ಹೋಗ್ಬ್ಯಾಡಿ. ಒಳಗೆ ರಿಪೇರಿ ನಡೀತೈತೆ.”

“ರಿಪೇರಿಗೇ ಬಂದಿವ್ನಿ ಕಣಪ್ಪ,” ಎಂದು ಬೋರಮ್ಮ ಪರದೆ ಸರಿಸಿದಳು.

ಒಳಗೆ ಏಳೆಂಟು ಜನ, ಎಲ್ಲ ಊರಿನ ಗಂಡಸರೇ. ಒಬ್ಬ ಟವೆಲ್ಲು ಎಳೆದು ಮುಖ ಮುಚ್ಚಿಕೊಂಡ. ಇನ್ನೊಬ್ಬ ಚಪ್ಪಲಿ ಹುಡುಕುವ ನೆವದಲ್ಲಿ ಬೆಂಚಿನ ಕೆಳಗೆ ತಲೆ ತೂರಿಸಿದ. ಬಾಲರಾಜು ಹಣೆಯ ಕುಂಕುಮದ ಸಮೇತ ಎದ್ದು ನಿಂತ. ಯಾರೋ ಟೀವಿ ಆರಿಸಲು ಕೈಚಾಚಿದರು.

“ಆರಿಸ್ಬ್ಯಾಡ್ರಲಾ. ನಾನೂ ನೋಡ್ತೀನಿ.”

ಬೋರಮ್ಮ ಟೀವಿಯ ಹತ್ತಿರಕ್ಕೇ ಹೋದಳು. ಆಕೆ ನೋಡಿದ್ದು ಆ ಹೆಂಗಸಿನ ಮುಖವನ್ನು ಮಾತ್ರ. ಮೂವತ್ತರ ಆಸುಪಾಸಿನವಳು. ತುಟಿ ನಗುತ್ತಿತ್ತು. ಕಣ್ಣು ಮಾತ್ರ ಗೋಡೆಯ ಕಡೆ ಎಲ್ಲೋ ನೆಟ್ಟು, ಇದೊಂದು ಮುಗಿದರೆ ಸಾಕು ಎಂದು ಕಾಯುವವರ ಕಣ್ಣಿನ ಹಾಗಿತ್ತು. ಬೆಳಗ್ಗೆ ಕಾಫಿ ಲೋಟ ಕೊಡುವಾಗ ಸೊಸೆಯ ಕಣ್ಣೂ ಹೀಗೇ ಇರುತ್ತಿತ್ತಲ್ಲ ಎಂಬುದು ಬೋರಮ್ಮನಿಗೆ ಈಗ ಹೊಳೆಯಿತು.

“ಈಯಮ್ಮನಿಗೆ ನೋಯ್ತೈತೆ ಕಣ್ರಲಾ,” ಎಂದಳು. “ಇಷ್ಟು ಜನ ಕುಂತಿದ್ದೀರಿ, ಒಬ್ಬನ ಕಣ್ಣಿಗೂ ಕಾಣ್ನಿಲ್ವಾ?”

ಒಬ್ಬೊಬ್ಬರಾಗಿ ಗೋಡೆ ಸವರಿಕೊಂಡು ಹೊರಗೆ ಜಾರಿದರು. ಕೊನೆಗೆ ಉಳಿದ ಬಾಲರಾಜು ತಾಯಿಯ ತೋಳು ಹಿಡಿದ.

“ನಡಿಯವ್ವ, ಮಾನ ಕಳೀಬ್ಯಾಡ. ಅದು ನಿಜ ಅಲ್ಲ. ಎಲ್ಲ ಆಕ್ಟಿಂಗು.”

ಬೋರಮ್ಮ ತೋಳು ಬಿಡಿಸಿಕೊಂಡಳು. ಬ್ಯಾಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ಮಗನ ಮುಖವನ್ನು ನೇರವಾಗಿ ನೋಡಿದಳು.

“ರಮ್ಯಾನ ತವರಿಗೆ ಕಳಿಸ್ತಾ ಇವ್ನಿ. ಅವಳಾಗಿ ಕರೆಯೋವರ್ಗೂ ನೀನು ಆ ಕಡೆ ತಲೆ ಹಾಕ್ಬ್ಯಾಡ,” ಎಂದಳು. ಪರದೆಯವರೆಗೆ ಹೋದವಳು ನಿಂತು ತಿರುಗಿದಳು. “ಒಂದು ಮಾತು ಹೇಳ್ಬುಡು. ಮನೇಲಿ ಅವಳು ಅಳ್ತಿದ್ಲಲ್ಲ, ಅದನ್ನೂ ಆಕ್ಟಿಂಗು ಅಂತ್ಲೇ ಅನ್ಕಂಡಿದ್ಯಾ?”