ಮಾವನ ಎಂಪಿತ್ರೀ ಒಳಗೆ ಏನಿತ್ತು

ಸಂಡೂರಿನ ಬಸ್ಸಿನಲ್ಲಿ ಕಿಟಕಿ ಸರಿಸಿದಾಗ ಆ ಕೆಂಪು ದೂಳಿನ ವಾಸನೆ ಬಂದರೆ, ಈಗಲೂ ನನಗೆ ಅಜ್ಜಿಯ ಪಿನ್ನು ಕಣ್ಣಮುಂದೆ ಬರುತ್ತದೆ.

ಮಾವ ಸಂಡೂರಿನ ಗಣಿಯಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಒಂದು ಭಾನುವಾರ ಹೊಸಪೇಟೆಗೆ, ಅಜ್ಜಿಯ ಮನೆಗೆ ಬಂದಾಗ ಅವನ ಕೊರಳಲ್ಲಿ ಬೆಂಕಿಪೊಟ್ಟಣದಷ್ಟೇ ಇದ್ದ ಎಂಪಿತ್ರೀ ಪ್ಲೇಯರ್ ತೂಗುತ್ತಿತ್ತು. ಉಂಡು, ಅದನ್ನು ತೆಗೆದಿಟ್ಟು, ಕೆಮ್ಮುತ್ತಲೇ ಪಡಸಾಲೆಯಲ್ಲಿ ಮಲಗಿದ. ಅಜ್ಜಿ ಇಯರ್‌ಫೋನು ಕಿವಿಗಿಟ್ಟುಕೊಂಡು ಒಂದು ಹಾಡು ಪೂರ್ತಿ ಕೇಳಿದಳು. ಆಮೇಲೆ ಪ್ಲೇಯರನ್ನು ಅಲುಗಾಡಿಸಿ ನೋಡಿದಳು.

"ಇದರಾಗ ರೀಲ್ ಎಲ್ಲೈತಿ?"

"ರೀಲ್ ಇರಂಗಿಲ್ಲಂತ ಅಜ್ಜಿ. ಮಾವ ಹೇಳ್ಯಾನ."

"ರೀಲ್ ಇಲ್ದ ಹೆಂಗ ಹಾಡತೈತಿ? ನಿಮ್ಮ ಮಾವ ಚಾಷ್ಟಿ ಮಾಡ್ಯಾನ."

ಮನೆಯಲ್ಲಿ ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ಸುತ್ತಿ ಸರಿಮಾಡುತ್ತಿದ್ದವಳು ಅಜ್ಜಿಯೇ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಸಂದಿಯಲ್ಲಿ ಮೀಟಿದಳು. ಟಪ್ ಎಂದು ಮುಚ್ಚಳ ಬಿಟ್ಟಿತು. ನಾನು ಉಸಿರು ಹಿಡಿದು ಬಗ್ಗಿದೆ. ರೀಲೂ ಇರಲಿಲ್ಲ, ಚಕ್ರವೂ ಇರಲಿಲ್ಲ. ಒಂದು ಪುಟ್ಟ ಹಸಿರು ತಗಡು, ಅದರ ಮೇಲೆ ಕುಂಕುಮದಷ್ಟು ನುಣ್ಣನೆಯ ಕೆಂಪು ದೂಳು.

"ಹಾಡು ಎಲ್ಲೈತಿ ಅಜ್ಜಿ?" ಅಂದೆ.

ಅವಳು ದೂಳನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿದಳು. ಪಿನ್ನಿನ ತುದಿಯೂ ಕಷ್ಟಪಟ್ಟು ಹೊಕ್ಕಿದ್ದ ಆ ಸಂದಿಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಮಲಗಿದ್ದ ಮಾವನ ಎದೆಯ ಮೇಲೆ ಕೈಯಿಟ್ಟಳು.

"ಲೇ, ಏಳು. ಈ ಕೆಮ್ಮು ಯಾವಾಗಿಂದ ಐತಿ?"