ಸಿಟ್ಟಿರುವವರು ಗುಂಡಿ ಮುಟ್ಟಬಾರದು

ಎಲ್ಲ ಸಭಾಂಗಣಗಳಂತೆ ಇಲ್ಲಿಯೂ ವಾದ್ಯದ ಪಕ್ಕ ಆ ಎಚ್ಚರಿಕೆಯ ಫಲಕವಿತ್ತು. ವೈರ್ ಸಿಕ್ಕಿಸಿ, ಗುಂಡಿ ತಿರುಗಿಸಿ ನಾದ ಕಟ್ಟುವ ಹಳೆಯ ಅನಲಾಗ್ ಸಿಂಥಸೈಸರನ್ನು ಶ್ರುತಿ ಮಾಡಿದವರ ಮನಸ್ಸು ಕೇಳುವವರೊಳಗೆ ಇಳಿಯುತ್ತದೆಂಬುದು ಮಕ್ಕಳಿಗೂ ಗೊತ್ತು.

"ಮನಸ್ಸು ತಿಳಿಯಾಗಿದೆ ತಾನೇ, ವಾರಿಜಾ?" ಎಂದರು ಚಿದಂಬರ ಸರ್. ಅವಳು ಮೂರು ವರ್ಷ ಕೂತು ಕಟ್ಟಿದ ನಾದವನ್ನು ಅವರಿಂದು ತಮ್ಮದೆಂದು ನುಡಿಸಲಿದ್ದರು.

"ತಿಳಿಯಾಗಿದೆ ಸರ್."

"ನಿನ್ನ ಹೆಸರು ಹಾಕಿದ್ರೆ ಯಾರಮ್ಮ ಬರ್ತಾರೆ? ನೀನು ವೈರ್ ಸಿಕ್ಕಿಸು, ಸಾಕು."

ವಾರಿಜಾ ವೈರ್ ಸಿಕ್ಕಿಸಿದಳು. ಒಂದೊಂದು ಗುಂಡಿ ತಿರುಗಿಸುವಾಗಲೂ ಆ ಮೂರು ವರ್ಷಗಳನ್ನು ಒಂದು ದಿನವೂ ಬಿಡದೆ ನೆನೆದಳು.

ಸರ್ ನುಡಿಸಲಾರಂಭಿಸಿದ ಕೂಡಲೇ ಸಭಿಕರ ಮುಖಗಳು ಬಿಗಿದವು. ಮೊದಲ ಸಾಲಿನಲ್ಲಿದ್ದ ಚಿದಂಬರ ಸರ್ ಅವರ ಹೆಂಡತಿ ಎದ್ದು ನಿಂತರು.

"ರೀ, ಇದು ಆ ಹುಡುಗೀದಲ್ವಾ? ನಾಚಿಕೆ ಆಗಲ್ವಾ ನಿಮಗೆ?"

ಸರ್ ಗಾಬರಿಯಿಂದ ಕೈ ತೆಗೆದರು. ನಾದ ನಿಲ್ಲಲಿಲ್ಲ. ನಿಲ್ಲಿಸುವ ಗುಂಡಿ ಯಾವುದೆಂದು ತಿಳಿಯದೆ ವಾರಿಜಾಳತ್ತ ನೋಡಿದರು. ಅವಳು ಕೈಕಟ್ಟಿ ನಿಂತಿದ್ದಳು.