ಅಜ್ಜಿಗೆ ನಮಸ್ಕಾರ

೨೦೨೮ರ ಜೂನ್ ೧, ಬೆಳಿಗ್ಗೆ ಏಳು ಗಂಟೆ. ಹದಿನೆಂಟು ತುಂಬದವರೊಂದಿಗೆ ಚಾಟ್‌ಬಾಟ್‌ಗಳು ಮಾತಾಡಬಾರದೆಂಬ ಕಾನೂನು ಅಂದು ಜಾರಿಗೆ ಬಂದಿತ್ತು.

“ಇನ್ಮೇಲೆ ಅದು ಮುಖ ನೋಡಿ ವಯಸ್ಸು ಅಳೆಯುತ್ತಂತೆ ಕಣೇ. ಊಟ ಬಿಡು ಅಂತ ನಮ್ಮ ಪುಟ್ಟಿಗೆ ಹೇಳಿಕೊಡೋಕೆ ಅದಕ್ಕಾಗಲ್ಲ,” ಎಂದ ತಂದೆ.

“ಅವಳ ಬಟ್ಟೆ ಹ್ಯಾಂಗರಿಗೆ ನೇತುಹಾಕಿದ ಹಾಗೆ ಕಾಣುತ್ತೆ ರೀ. ಇನ್ನಾದ್ರೂ ತಿಂತಾಳಾ?” ಎನ್ನುತ್ತ ತಾಯಿ ದೋಸೆ ಹಾಕಿ ಮಗಳನ್ನು ಕರೆದಳು.

ಹದಿಮೂರರ ಮಗಳು ಮೊಬೈಲ್ ಹಿಡಿದೇ ಬಂದಳು. “ಅಜ್ಜಿಗೆ ನಮಸ್ಕಾರ ಮಾಡಿ ಬಂದು ತಿಂತೀನಮ್ಮ.”

ಅಜ್ಜಿ ತೀರಿಕೊಂಡ ಮೇಲೆ ಅವಳು ಒಮ್ಮೆಯೂ ಕೈಮುಗಿದಿರಲಿಲ್ಲ. ತಾಯಿಯ ಕಣ್ಣು ತುಂಬಿತು.

ಗೋಡೆಯ ಮೇಲೆ ಗಂಧದ ಹಾರ ಹಾಕಿದ್ದ ಫೋಟೋದ ಮುಂದೆ ಹುಡುಗಿ ಮೊಬೈಲ್ ಎತ್ತಿ ಹಿಡಿದಳು. ಪರದೆಯ ಮೇಲೆ ಅಕ್ಷರಗಳು ಮೂಡಿದವು: “ಸ್ವಾಗತ. ನಿಮ್ಮ ವಯಸ್ಸು ೭೧ ವರ್ಷ.”